ಬಾವಿಯಿಂದ ಬಂದ ಬೀಗ

ಬಾಗಿಲು ಮುಂದೆ ಮಾಡಿ, ಹತ್ತಿರ ಬನ್ನಿ. ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು.

ಒಂದು ರಾತ್ರಿ ಅವಳು ಕೆಲಸ ಮುಗಿಸಿ ಮ್ಯೂಸಿಯಂನಿಂದ ಮನೆಗೆ ಹೊರಟಾಗ ಊರೆಲ್ಲ ಮಲಗಿತ್ತು. ಹಿಂಬಾಗಿಲಿನಿಂದ ಗೇಟಿಗೆ ಹೋಗಬೇಕಾದರೆ ಹಳೇ ಬಾವಿಯನ್ನು ದಾಟಲೇಬೇಕು. ಜೊತೆಗೆ ಟಾರ್ಚ್ ಹಿಡಿದ ಕಾವಲುಗಾರ. ಬಾವಿ ಹತ್ತಿರವಾಯಿತು. ಒಳಗಿನಿಂದ ಸದ್ದು.

ಸರ್ರ್... ಠಣ್.

ನಿಂತಿತು. ಮತ್ತೆ... ಸರ್ರ್... ಠಣ್. ಕಬ್ಬಿಣವನ್ನು ಕಲ್ಲಿನ ಮೇಲೆ ಎಳೆದು ಬಿಟ್ಟ ಹಾಗೆ.

"ಮಾವ, ಕೇಳಿಸ್ತಾ?"

"ನನಗೆ ಕೇಳಿಸ್ಲಿಲ್ಲ. ನಿನಗೂ ಕೇಳಿಸ್ಲಿಲ್ಲ. ನಡಿ."

"ಟಾರ್ಚ್ ಕೊಡಿ."

"ತಿರುಗಿ ನೋಡ್ಬೇಡ ತಾಯಿ. ನನ್ನ ಮಗಳ ಮದುವೆ ಇನ್ನೂ ಆಗಿಲ್ಲ."

"ನೋಡೋದಕ್ಕೇ ನನಗೆ ಸಂಬಳ ಕೊಡೋದು," ಅಂದವಳೇ ಟಾರ್ಚ್ ಕಿತ್ತುಕೊಂಡು ಇಣುಕಿದಳು. ಹೂಳೆತ್ತಿ ಒಣಗಿಸಿದ ಬಾವಿ. ತಳದಲ್ಲಿ ಬಿರುಕು ಬಿಟ್ಟ ಕೆಸರು. ಬೇರೇನೂ ಇರಲಿಲ್ಲ.

ಅವಳನ್ನು ಅಲ್ಲಿ ಎಲ್ಲರೂ ಗೂಬಕ್ಕ ಅನ್ನುತ್ತಿದ್ದರು. ಕಸ ಗುಡಿಸಲು ಬಂದವಳು. ಗಾಜಿನ ಪೆಟ್ಟಿಗೆಗಳ ಮೇಲಿನ ಚೀಟಿ ಓದಿ ಓದಿಯೇ ಅಕ್ಷರ ಕಲಿತಳು. ಆಮೇಲೆ ಹಟ ಹಿಡಿದು, ಮಣ್ಣಲ್ಲಿ ಸಿಕ್ಕ ಲೋಹದ ಸಾಮಾನಿನ ತುಕ್ಕು ಬಿಡಿಸುವ ಕೆಲಸ ಕಲಿತಳು. ಎರಡು ಕೊಳವೆಯ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತರೆ ಹೊತ್ತಿನ ಪರಿವೆ ಇಲ್ಲ, ಅದಕ್ಕೇ ಗೂಬಕ್ಕ. "ಕರೀರಿ," ಅನ್ನುತ್ತಿದ್ದಳು. "ನಿಮಗೆ ಕಾಣದ್ದು ಗೂಬೆಗೆ ಕಾಣತ್ತೆ."

ಆ ಮೈಕ್ರೋಸ್ಕೋಪ್ ಶಾಲೆಯಲ್ಲಿ ಗಾಜಿನ ಚೂರಿಟ್ಟು ನೋಡುವಂಥದ್ದಲ್ಲ. ಮುಷ್ಟಿಗಾತ್ರದ ವಸ್ತುವನ್ನೇ ಕೆಳಗಿಟ್ಟು, ನೋಡುತ್ತಾ ನೋಡುತ್ತಾ ಸೂಜಿಯಾಡಿಸಬಹುದು. ಎರಡು ಕಣ್ಣಿಗೂ ಬೇರೆ ಬೇರೆ ದಾರಿ, ಹಾಗಾಗಿ ತಗ್ಗು ತಗ್ಗಾಗಿಯೇ ಉಬ್ಬು ಉಬ್ಬಾಗಿಯೇ ಕಾಣುತ್ತದೆ. ಪಕ್ಕದ ತಿರುಪು ತಿರುಗಿಸಿದರೆ ಟಿಕ್, ಟಿಕ್ ಎಂದು ವಸ್ತು ಹತ್ತಿರ ಬರುತ್ತಾ ಸಾಸಿವೆ ಕಾಳು ಬಂಡೆಯಾಗುತ್ತದೆ. ಕೊಳವೆಗಳ ನಡುವಿನ ಅಂತರವನ್ನು ಮಾತ್ರ ಅವರವರ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಇಲ್ಲದಿದ್ದರೆ ಒಂದು ಎರಡಾಗಿ ಕಂಡು ತಲೆ ಸಿಡಿಯುತ್ತದೆ.

ಬಾವಿಯ ಹೂಳಿನಲ್ಲಿ ಬಂದದ್ದು ಮಣ್ಣು ತುಕ್ಕು ಮೆತ್ತಿದ ಒಂದು ಗಂಟು. ಗೂಬಕ್ಕ ಸೂಜಿಯಿಂದ ಕಣಕಣ ಬಿಡಿಸುತ್ತಾ ಹೋದಳು, ಒಂದು ಬೀಗದ ಕಣ್ಣು ಕಾಣಿಸಿತು. ಗಂಟಿನೊಳಗೆ ಪುಟ್ಟ ಪೆಟ್ಟಿಗೆಯಿದೆ, ಇದು ಅದರ ಬೀಗ ಎಂದುಕೊಂಡಳು. ಅವತ್ತಿನಿಂದಲೇ ಬಾವಿಯಲ್ಲಿ ಸದ್ದು ಶುರುವಾಯಿತು. ಅವತ್ತಿನಿಂದಲೇ ಇನ್ನೊಂದು...

ಬೆಳಿಗ್ಗೆ ಬಂದು ನೋಡಿದರೆ ಮೈಕ್ರೋಸ್ಕೋಪಿನ ಕೊಳವೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತಿದ್ದವು.

"ಮಾವ, ನನ್ನ ಮೈಕ್ರೋಸ್ಕೋಪ್ ಮುಟ್ಟಿದ್ರಾ?"

"ನನ್ನ ಕನ್ನಡಕವೇ ಮೂಗಿನ ಮೇಲೆ ನಿಲ್ಲಲ್ಲ. ನಿನ್ನ ಕೊಳವೆ ಗೊಡವೆ ನನಗ್ಯಾಕಮ್ಮ?"

ಅವಳು ತನ್ನ ಕಣ್ಣಿಗೆ ಹೊಂದಿಸಿ ಟೇಪು ಸುತ್ತಿ ಹೋದಳು. ಮಾರನೇ ದಿನ ಕೊಳವೆಗಳು ಮತ್ತೆ ಹತ್ತಿರ. ಟೇಪು ಹರಿದಿರಲಿಲ್ಲ. ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಮೇಜಿನ ಅಂಚಿಗೆ ನೀಟಾಗಿ ಅಂಟಿಸಿತ್ತು. ಕಣ್ಣುಗಳು ಅಷ್ಟು ಹತ್ತಿರ ಇರುವ ಒಬ್ಬ ಮನುಷ್ಯನೂ ಆ ಕಟ್ಟಡದಲ್ಲಿ ಇರಲಿಲ್ಲ.

ಸುದ್ದಿ ಹಬ್ಬಿತು. ತೋಟದ ಕೆಲಸದವರು ಬರುವುದನ್ನೇ ಬಿಟ್ಟರು. ಮ್ಯೂಸಿಯಂ ನೋಡಿಕೊಳ್ಳುವ ಸಾಹೇಬರು ಅವಳನ್ನು ಕರೆಸಿದರು.

"ನಾಳೆ ಕಾಂಕ್ರೀಟ್ ಲಾರಿ ಬರತ್ತೆ. ಆ ಗಂಟನ್ನ ಬಾವಿಗೇ ಹಾಕಿ ಮುಚ್ಚಿಸ್ತೀನಿ."

"ಹೂತಿದ್ದನ್ನ ತೆಗೆದು ತೋರಿಸೋ ಜಾಗ ಸಾರ್ ಇದು. ಹೆದರಿ ಹೂಳೋದಕ್ಕೆ ಮ್ಯೂಸಿಯಂ ಯಾಕೆ?"

"ನಿನಗೆ ಕೆಲಸ ಬೇಕೋ, ಆ ತುಕ್ಕು ಬೇಕೋ?"

"ಎರಡೂ ಬೇಕು," ಅಂದು ಎದ್ದು ಬಂದಳು.

ಆ ರಾತ್ರಿ ಕೋಣೆಗೆ ಒಳಗಿನಿಂದ ಅಗುಳಿ ಹಾಕಿಕೊಂಡು ಕೂತಳು. ಬೆಳಗಾಗುವುದರೊಳಗೆ ಬೀಗ ತೆರೆಯಬೇಕು. ತೆರೆದು ಒಳಗೇನಿದೆ ಎಂದು ತೋರಿಸಿದರೆ ಯಾರೂ ಬಾವಿಗೆ ಎಸೆಯಲಾರರು. ಕಾವಲುಗಾರ ಬಾಗಿಲಾಚೆ ನಿಂತು ಪಿಸುಗುಟ್ಟಿದ.

"ಹೊರಗೆ ಬಾ ಮಗಳೇ... ಸಾಹೇಬರಿಗೆ ನಾನು ಹೇಳ್ತೀನಿ."

"ನೀವು ಹೋಗಿ ಮಲ್ಕೊಳ್ಳಿ ಮಾವ. ದೆವ್ವ ಬಂದ್ರೆ ಕೂರಿಸಿ ಮಾತಾಡಿಸ್ತೀನಿ."

ತಿರುಪನ್ನು ಕೊನೆಯವರೆಗೂ ಏರಿಸಿ, ಬೀಗದ ಕಣ್ಣಿನೊಳಗೆ ಸೂಜಿ ಇಳಿಸಿದಳು. ಎಡಗೈಯಲ್ಲಿ ಗಂಟು, ಬಲಗೈಯಲ್ಲಿ ಸೂಜಿ. ಉಸಿರು ಬಿಗಿಹಿಡಿದಿದ್ದಳು. ಆಗ...

ಟಿಕ್.

ನೋಡುತ್ತಿದ್ದ ಕಣ ಹಿಂದೆ ಸರಿಯಿತು. ಟಿಕ್... ಇನ್ನೂ ಹಿಂದೆ. ಅವಳ ಎರಡೂ ಕೈ ಮೇಜಿನ ಮೇಲಿದ್ದವು. ತಿರುಪು ತಾನಾಗಿ ತಿರುಗುತ್ತಿತ್ತು.

"ಬಿಡು," ಅಂದಳು. ಮತ್ತೆ ಏರಿಸಿದಳು.

ಟಿಕ್... ಟಿಕ್... ಟಿಕ್. ಮತ್ತೆ ಇಳಿಯಿತು. ಕೊನೆಯವರೆಗೂ.

ಬೈಯಲು ಬಾಯಿ ತೆರೆದವಳು ಹಾಗೇ ತಡೆದಳು. ಇಷ್ಟು ದಿನ ಅವಳು ಕಣಗಳನ್ನೇ ನೋಡಿದ್ದಳು. ಒಣಗಿ ಒಡೆಯಬಾರದೆಂದು ಗಂಟಿಗೆ ಸದಾ ಒದ್ದೆ ಬಟ್ಟೆ ಸುತ್ತಿ, ಬೀಗದ ಕಣ್ಣಿನಷ್ಟು ಜಾಗ ಮಾತ್ರ ಬಿಟ್ಟಿರುತ್ತಿದ್ದಳು. ತಿರುಪನ್ನು ಏರಿಸಿದ್ದೇ ಏರಿಸಿದ್ದು, ಒಂದು ಸಲವೂ ಇಳಿಸಿ ಇಡಿಯಾಗಿ ನೋಡಿರಲಿಲ್ಲ. ಈಗ ಬಟ್ಟೆ ಜಾರಿತ್ತು. ಬೀಗದ ಎರಡೂ ಕಡೆಯಿಂದ ಕಬ್ಬಿಣ ಬಾಗಿಕೊಂಡು ಹೋಗಿತ್ತು. ಬಟ್ಟೆ ಬಿಚ್ಚಿದಳು. ಒಂದು ಹಕ್ಕಳೆ ತುಕ್ಕು ಕಳಚಿ ಬಿತ್ತು.

ದಪ್ಪ ಕಬ್ಬಿಣದ ಉಂಗುರ. ಒಳಗೆ ತನ್ನ ಕೈ ತೂರಿಸಲು ನೋಡಿದಳು. ಬೆರಳ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು.

ಪೆಟ್ಟಿಗೆಯ ಬೀಗವಲ್ಲ. ಕಾಲಿನ ಬೇಡಿ. ಅದೂ ಅಷ್ಟು ಸಣ್ಣ ಕಾಲಿಗೆ...

ಬೆನ್ನ ಹಿಂದೆ ಸದ್ದಾಯಿತು. ಬಾವಿಯಲ್ಲಲ್ಲ, ಕೋಣೆಯಲ್ಲಿ. ಸರ್ರ್... ಠಣ್.

ಅವಳಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತಂತೆ. ಬೇಡಿ ಹಾಕಿದವರ ಮೇಲೆ. ನಾಳೆ ಕಾಂಕ್ರೀಟ್ ಸುರಿಯುವವರ ಮೇಲೆ. ಕಣ್ಣಿದ್ದೂ ಕಾಣದ ತನ್ನ ಮೇಲೆ.

"ಹೆದರಿಸ್ತಿದೀಯ ಅಂದ್ಕೊಂಡಿದ್ದೆ," ತಿರುಗದೆ ಪಿಸುಗುಟ್ಟಿದಳು. "ನಿನಗೂ ನೋಡ್ಬೇಕಿತ್ತು, ಅಲ್ವಾ? ಬಾ."

ಕೊಳವೆಗಳನ್ನು ಎಷ್ಟು ಹತ್ತಿರ ಬರುತ್ತವೋ ಅಷ್ಟು ಹತ್ತಿರಕ್ಕೆ ಒತ್ತಿ, ಎದ್ದು ಪಕ್ಕಕ್ಕೆ ನಿಂತಳು.

ಸರ್ರ್... ಠಣ್. ಪಕ್ಕದಲ್ಲೇ ಹಾದು ಹೋಯಿತು. ಕೊಳವೆಯ ಗಾಜು ಮಂಜಾಯಿತು. ತಿಳಿಯಾಯಿತು. ಮತ್ತೆ ಮಂಜಾಯಿತು. ಉಸಿರಾಡಿದ ಹಾಗೆ.

ಅವಳು ಸ್ವಲ್ಪ ಹೊತ್ತು ನೋಡಲು ಬಿಟ್ಟಳು.

"ನೋಡಿದ್ದಾಯ್ತಾ? ಇನ್ನು ಸರಿ. ಕೆಲಸ ಮಾಡೋಳು ನಾನು."

ಕೊಳವೆಗಳನ್ನು ತನ್ನ ಕಣ್ಣಿಗೆ ಹೊಂದಿಸಿ ಕೂತಳು. ಆಮೇಲೆ ತಿರುಪನ್ನು ಯಾರೂ ಮುಟ್ಟಲಿಲ್ಲ. ಸೂಜಿಯ ಸದ್ದು ಮಾತ್ರ... ಕರ್... ಕರ್... ಬೆಳಕು ಹರಿಯುವ ಹೊತ್ತಿಗೆ ಬೀಗದೊಳಗಿನ ನಾಲಿಗೆ ಸಡಿಲವಾಯಿತು.

ಟಕ್.

ಬೇಡಿ ಬಾಯಿ ತೆರೆಯಿತು.

ಸಾಹೇಬರು ಬಂದಾಗ ಲಾರಿ ಹೊರಗೆ ಗುರುಗುಡುತ್ತಿತ್ತು. ಗೂಬಕ್ಕ ಬೇಡಿಯನ್ನು ಅವರ ಮೇಜಿನ ಮೇಲಿಟ್ಟಳು.

"ಏನಮ್ಮ ಇದು, ಬಳೆಯಾ?"

"ಕಾಲಿಂದು. ಮಗುವಿನದು. ಇದನ್ನ ಬಾವಿಗೆ ಹಾಕೋದಾದ್ರೆ ನನ್ನನ್ನೂ ಹಾಕಿ ಮುಚ್ಚಿ. ನಾನು ಬಾಯಿ ಮುಚ್ಚಿಕೊಂಡು ಹೋಗೋಳಲ್ಲ."

ಸಾಹೇಬರು ಅದನ್ನು ಎತ್ತಿಕೊಂಡರು. ಹೆಬ್ಬೆರಳು ತೋರುಬೆರಳು ಸೇರಿಸಿ ಒಳಗೆ ಅಳೆದು ನೋಡಿದರು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕಿಟಕಿಗೆ ಹೋದರು. ಆಮೇಲೆ ಲಾರಿಯವನಿಗೆ ಕೈಬೀಸಿ, ಹೋಗು ಅಂದರು.

ಬೇಡಿ ಈಗಲೂ ಗಾಜಿನ ಪೆಟ್ಟಿಗೆಯಲ್ಲಿದೆ, ತೆರೆದುಕೊಂಡೇ ಇದೆ. ಬಾವಿಯಲ್ಲಿ ಸದ್ದಿಲ್ಲ.

ಇಷ್ಟೇ ಆಗಿದ್ದರೆ ನಾನೂ ನಿಮ್ಮ ಹಾಗೆ, ನಿದ್ದೆಗಣ್ಣಲ್ಲಿ ಏನೋ ಕಂಡಿರಬೇಕು ಅನ್ನುತ್ತಿದ್ದೆ. ಆದರೆ ಅವತ್ತು ಬೆಳಿಗ್ಗೆ ಕಾವಲುಗಾರ ಒಂದು ಮರದ ಸ್ಟೂಲು ಹೊತ್ತುಕೊಂಡು ಬಂದ.

"ನಿನ್ನ ಕೋಣೆ ಸ್ಟೂಲನ್ನ ಗೇಟಿನ ಹತ್ರ ಯಾಕೆ ಇಟ್ಟೆ?"

ಅವಳು ಇಟ್ಟಿರಲಿಲ್ಲ. ಕೋಣೆಯ ಅಗುಳಿ ತೆಗೆದದ್ದೇ ಬೆಳಗಾದ ಮೇಲೆ. ಮೂಲೆಯಲ್ಲಿ ಸ್ಟೂಲಿನ ಜಾಗ ಖಾಲಿ ಇತ್ತು.

ಆ ಗೇಟಿಗೆ ಎರಡು ಚಿಲಕ, ಕೆಳಗೊಂದು ಮೇಲೊಂದು. ರಾತ್ರಿ ಎರಡನ್ನೂ ಅವನೇ ಕೈಯಾರೆ ಹಾಕಿದ್ದ. ಬೆಳಿಗ್ಗೆ ಎರಡೂ ತೆಗೆದಿದ್ದವು. ಸ್ಟೂಲು ಇದ್ದದ್ದು ಮೇಲಿನ ಚಿಲಕದ ನೇರ ಕೆಳಗೆ.

ನಂಬದಿದ್ದರೆ ಬಿಡಿ. ಕಾವಲುಗಾರ ಇನ್ನೂ ಬದುಕಿದ್ದಾನೆ, ಹೋಗಿ ಕೇಳಿ. ನಡೆದದ್ದನ್ನು ನಡೆದ ಹಾಗೇ ಹೇಳಿದ್ದೇನೆ.