ತಳ ಬದಲಾಯಿಸಿದವನು

ಬಸ್ಸಿನ ಸಾಲಿನಲ್ಲಿ ಒಬ್ಬ ಮುದುಕಿಯ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಹೆಂಡತಿಯ ತವರೂರಿನಲ್ಲಿ ತಮ್ಮನಿಗೆ ಮಗಳು ಹುಟ್ಟಿದ್ದಳು. ಅವನಿನ್ನೂ ಕೂಸಿನ ಮುಖ ನೋಡಿರಲಿಲ್ಲವೆಂದು ಅವರ ಮಾತಿನಿಂದಲೇ ಮುದುಕಿಗೆ ತಿಳಿಯಿತು.

“ನೀ ಕೆಲಸ ಮಾಡೋ ಆಸ್ಪತ್ರೆ ಕಂಪ್ಯೂಟರಿಗೆ ಏನು ಮಾಡಿಟ್ಯೋ ಮಾರಾಯ?”

“ಕಂಪ್ಯೂಟರನ್ನೇ ನಡೆಸೋ ತಳದ ಪ್ರೋಗ್ರಾಮು, ಕರ್ನೆಲ್ ಅಂತಾರೆ, ಅದನ್ನ ಬದಲಾಯಿಸ್ದೆ ಅಕ್ಕಾ. ಮೇಲಿನ ಪ್ರೋಗ್ರಾಮೆಲ್ಲ ಹಳೇ ಸಿಸ್ಟಮ್ಮಿನವೇ.”

“ಅಂದ್ರೆ ಮನೆ ಅದೇ, ತಳಪಾಯ ಬೇರೆಯವ್ರದ್ದು?”

“ಹೂಂ. ಎರಡಕ್ಕೂ ಭಾಷೆ ಬೇರೆ. ಮಧ್ಯೆ ನಾನು ಬರೆದ ಪ್ರೋಗ್ರಾಮು ಎರಡನ್ನೂ ಹೊಂದಿಸ್ತಿದೆ. ಅದು ಮುಗ್ಗರಿಸಿದ್ರೆ ಎತ್ತೋನು ನಾನೊಬ್ನೇ.”

“ಇನ್ನೊಬ್ರಿಗೆ ಕಲಿಸಿ ಬಾರೋ.”

“ಬದಲಾಗಿದ್ದೇ ಗೊತ್ತಾಗ್ಬಾರ್ದು ಅಂತ ಮಾಡ್ದೆ. ಯಾರಿಗೂ ಗೊತ್ತಾಗ್ಲೇ ಇಲ್ಲ. ಈಗ ಕಲೀರಿ ಅಂದ್ರೆ, ಕಲಿಯೋಕೆ ಏನಿದೆ ಅಂತಾರೆ.”

“ಜಾಣ! ಒಳಗೆ ನಿಂತು ಗೋಡೆ ಕಟ್ಟಿ, ಬಾಗಿಲಿಡೋದು ಮರೆತೆ.”

ಬಸ್ಸು ಬಂತು. ಅವನ ಫೋನೂ ಬಡಿದುಕೊಂಡಿತು, ಆಸ್ಪತ್ರೆಯಿಂದ. ಕೂಸಿನ ಕುಲಾವಿಯನ್ನು ಅಕ್ಕನ ಕೈಗಿಟ್ಟು, ಅವನು ಬಂದ ದಾರಿಗೇ ತಿರುಗಿದ.