ಆರು ಗಂಟೆ ಬಸ್ಸಲ್ಲಿ ಎಷ್ಟು ಜನ?

ಬೇಡ, ನಾನು ಕೂತ್ಕೊಳ್ಳಲ್ಲ. ನೀರೂ ಬೇಡ! ಮೊದಲು ಉತ್ತರ ಹೇಳು. ಹದಿನಾಲ್ಕನೇ ನಂಬರ್ ಬಸ್ ಯಾಕೆ ನಿಲ್ಲಿಸಿದ್ರಿ? ಹನ್ನೊಂದು ವರ್ಷ ಅದೇ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೆ ಕಣೇ, ನಿನ್ನ ಸೋದರಮಾವ! ನನ್ನನ್ನ ಒಂದು ಮಾತು ಕೇಳೋಣ ಅನ್ನಿಸಲಿಲ್ವಾ?

ಯಾಕೆ ನಗ್ತೀಯ? ನಗಲಿಲ್ವಾ... ಸರಿ ಬಿಡು.

ಜನ ಮನೆಯಿಂದಲೇ ಕೆಲಸ ಮಾಡ್ತಾರಂತೆ, ಬಸ್ಸು ಖಾಲಿಯಂತೆ! ಯಾರು ಮನೆಯಲ್ಲಿರೋದು? ನಿನ್ನಂಥೋರು! ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಕೊಂಡು, ಕಾಲಿಗೆ ಚಪ್ಪಲಿ ಕೂಡ ಮೆಟ್ಟದೆ ಊರಿನ ಬಸ್ಸೆಲ್ಲ ಓಡಿಸೋ ಅಧಿಕಾರಿಗಳು! ಆಸ್ಪತ್ರೆ ನೆಲ ಮನೆಯಿಂದ ಒರೆಸೋಕಾಗುತ್ತಾ? ನಿನ್ನಮ್ಮನೇ ಒರೆಸ್ತಾಳಲ್ಲೇ, ನನ್ನಕ್ಕ! ಬೆಳಿಗ್ಗೆ ಆರು ಗಂಟೆ ಟ್ರಿಪ್ಪಲ್ಲಿ ಬಾಗಿಲ ಪಕ್ಕದ ಸೀಟು ಅವಳದೇ. ಈಗ ಆ ಮಂಡಿನೋವಲ್ಲಿ ನಾಲ್ಕು ಕಿಲೋಮೀಟರ್ ನಡೀತಾಳೆ. ನಿನ್ನ ಜೊತೆ ಮಾತು ಬಿಟ್ಟು ಎಂಟು ದಿನ ಆಯ್ತಂತೆ. ಬಿಡದೆ ಇನ್ನೇನು? ಹೆತ್ತವಳ ಹೊಟ್ಟೆ ಉರಿಸಿದ್ದೀಯ! ನಾನೇ ಹೇಳಿದೆ ಅವಳಿಗೆ, ‘ಎಲ್ಲ ನಿನ್ನ ಮಗಳದೇ ಕೆಲಸ’ ಅಂತ. ಹೌದು, ನಾನೇ!

ಬಾಯಿ ಬಿಡೇ! ...ಏನದು? ಯಾವ ಕಾಗದ?

ಓ... ತಲೆ ಎಣಿಸೋ ಫಾರಂ. ಹೌದು, ಕಂಡಕ್ಟರುಗಳೇ ತುಂಬಿದ್ದು. ಎಲ್ಲರ ಹತ್ರಾನೂ ಪಾಸು, ಟಿಕೆಟ್ ಮಷಿನ್‌ಗೆ ಜನ ಕಾಣಲ್ಲ, ಅದಕ್ಕೇ. ಐದು ದಿನ, ಪ್ರತಿ ಟ್ರಿಪ್ಪೂ ಎಣಿಸಬೇಕು... ಗೊತ್ತು ಕಣೇ, ಬೆರಳಿಟ್ಟು ತೋರಿಸಬೇಡ!

ಆ ನೂಕುನುಗ್ಗಲಲ್ಲಿ ಯಾರು ಎಣಿಸ್ತಾರೆ? ಶುಕ್ರವಾರ ಹತ್ತು ಗಂಟೆಗೆ ಸ್ವಲ್ಪ ಬಿಡುವಿತ್ತು. ಆಫೀಸಿನೋರು ಶುಕ್ರವಾರ ಬರಲ್ವಲ್ಲ, ಮೂರೇ ಜನ. ಅದನ್ನೇ... ಐದೂ ದಿನಕ್ಕೆ ಬರೆದುಬಿಟ್ಟೆ, ಮೇಲಿಂದ ಕೆಳಗಿನವರೆಗೂ ಮೂರು, ಮೂರು, ಮೂರು... ಎಲ್ಲರೂ ಹಂಗೇ ಮಾಡ್ತಾರೆ! ಅದನ್ನ ಯಾರು ಓದ್ತಾರೆ ಅಂದ್ಕೊಂಡಿದ್ದೆ!

ಆ ಸಾಲಿಂದ ಬೆರಳು ತೆಗಿ. ಆರು ಗಂಟೆ ಟ್ರಿಪ್ಪು... ನಲವತ್ತು ಜನ ಇರ್ತಿದ್ರು. ನಿಲ್ಲೋಕೂ ಜಾಗ ಇರ್ತಿರಲಿಲ್ಲ. ಅಕ್ಕ ನನ್ನ ಮೊಣಕೈ ಪಕ್ಕದಲ್ಲೇ ಕೂತಿರ್ತಿದ್ಲು.

ನನ್ನ ಅಕ್ಷರ ಅಂತ ನಿನಗೆ ಯಾವಾಗ ಗೊತ್ತಾಯ್ತು? ...ಅಮ್ಮ ಮಾತು ಬಿಟ್ಟ ದಿನವೇ ಫಾರಂ ತೆಗೆದು ನೋಡಿದ್ಯಾ? ಎಂಟು ದಿನ ಅಮ್ಮನ ಸಿಟ್ಟು ನುಂಗ್ಕೊಂಡು ಕೂತೆಯಲ್ಲೇ... ‘ಮಾವ ಬರೆದದ್ದು’ ಅಂತ ಒಂದು ಮಾತು ಅವಳಿಗೆ ಹೇಳಲಿಲ್ವಾ?

ಅಳಬೇಡ.

ಅಕ್ಕ ಬರೋ ಹೊತ್ತಾಯ್ತಾ? ...ನಡ್ಕೊಂಡು ಬರ್ತಾಳಲ್ಲ, ತಡ ಆಗುತ್ತೆ.

ಆ ಕುರ್ಚಿ ಈ ಕಡೆ ಎಳಿ. ಕೂತ್ಕೋತೀನಿ. ಅವಳು ಬರಲಿ.