ನಾಲ್ಕೂ ಕಡೆ ಹೊಲಿದ ಜೇಬು

ಬಸ್ಸಿನಲ್ಲಿ ಕೂತರೆ ಸಾಕು, ಗಡಿಯಾರ ರಿಪೇರಿಯವನ ಕಿವಿ ತಾನಾಗಿ ಹಿಂದಿನ ಸೀಟಿಗೆ ಹೋಗುತ್ತಿತ್ತು. ಈ ಬೆಳಿಗ್ಗೆ ಅಲ್ಲಿದ್ದವರು ಬಟ್ಟೆ ಕಾರ್ಖಾನೆಯ ಇಬ್ಬರು ಹೆಂಗಸರು, ಒಬ್ಬಳು ಕಿರಿಯಳು, ಒಬ್ಬಳು ಹಿರಿಯಳು.

“ಇನ್ನೂ ನಂಬೋಕಾಗ್ತಿಲ್ಲ ಅಕ್ಕಾ. ಮೂರು ಕಡೆ ಹೊಲಿಯೋ ಜೇಬನ್ನ ನಿನ್ನೆ ನಾನು ನಾಲ್ಕೂ ಕಡೆ ಹೊಲಿದುಬಿಟ್ಟೆನಲ್ಲಾ! ಒಂದು ಕಟ್ಟು ಅಂಗಿ ಪೂರ್ತಿ!”

“ವಾರವಿಡೀ ನಿದ್ದೆಗೆಟ್ಟವಳ ಕೈ ಇನ್ನೇನು ಮಾಡುತ್ತೆ? ಮಗೂಗೆ ಜ್ವರ ಬಿಡ್ತಾ?”

“ಬಿಡ್ತು. ನೀವು ಊಟ ಬಿಟ್ಟು ಕೂತು ಹೊಲಿಗೆ ಬಿಚ್ಚದೇ ಇದ್ದಿದ್ರೆ ಸೂಪರ್‌ವೈಸರ್ ನನ್ನನ್ನ ಮನೆಗೇ ಕಳಿಸ್ತಿದ್ರು.”

“ಸುಮ್ನಿರೇ ಸಾಕು. ಮನೇಲಿ ಹೇಳಿದ್ಯಾ?”

“ಹೇಳ್ದೆ. ನಮ್ಮತ್ತೆ ಗೊತ್ತಲ್ಲ, ಬಾಯಿ ತೆಗೆದ್ರೆ ಬೈಗುಳ. ನಿನ್ನೆ ಒಂದು ಮಾತಿಲ್ಲ. ಮಗೂನ ಎತ್ಕೊಂಡು ಹೋಗಿ ಕೋಣೆ ಚಿಲಕ ಹಾಕ್ಕೊಂಡ್ರು.”

“ಅಯ್ಯೋ, ಕೋಪಾನಾ?”

“ನಾನೂ ಹಾಗೇ ಅಂದ್ಕೊಂಡೆ. ಬಾಗಿಲು ಬಡಿದ್ರೆ ಒಳಗಿಂದಲೇ ಗದರಿದ್ರು: ‘ಹೋಗಿ ಬಿದ್ಕೋ! ಬೆಳಗಾಗೋವರೆಗೂ ಈ ಮಗು ನಂದು!’”

ರಿಪೇರಿಯವನ ಸ್ಟಾಪು ಬಂತು. ಅವನು ಏಳಲಿಲ್ಲ.

“ಮಲಗಿದ್ಯಾ ಮತ್ತೆ?”

“ಸತ್ತ ಹಾಗೆ! ಅವರೇ ಬಂದು ಎಬ್ಬಿಸಿದ್ರು. ತಗೊಳ್ಳಿ, ಈ ಡಬ್ಬಿ ನಿಮಗೆ.”

“ನನಗ್ಯಾಕೆ?”

“‘ನಮ್ಮನೆ ಹುಡುಗಿಗೋಸ್ಕರ ಉಪವಾಸ ಕೂತವಳಿಗೆ ಕೊಡು’ ಅಂದ್ರು. ಇವತ್ತೂ ಊಟ ಬಿಟ್ರೆ ಕಾರ್ಖಾನೆಗೇ ಬಂದು ಬೈತಾರಂತೆ.”

ಹಿರಿಯಳು ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡಳು. ಬಸ್ಸು ನಿಂತಿತು.

“ಮದುವೆಯಾಗಿ ಬಂದಾಗಿಂದ ಅತ್ತೆ ನನ್ನನ್ನ ‘ನಮ್ಮನೆ ಹುಡುಗಿ’ ಅಂದಿದ್ದು ಇದೇ ಮೊದಲು ಅಕ್ಕಾ,” ಎನ್ನುತ್ತ ಕಿರಿಯಳು ಎದ್ದಳು.

ಡಬ್ಬಿ ಇನ್ನೂ ಬಿಸಿಯಿತ್ತೋ ಏನೋ, ಹಿರಿಯಳು ಅದನ್ನು ಸೆರಗಿನಲ್ಲಿ ಸುತ್ತಿ, ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಇಳಿದಳು.